ಅಮರಗಢದ ಕೊಸರು

ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿಗೆ ಬಂದು ಸುಶೀಲಮ್ಮನ ಅಂಗಡಿ ಎಲ್ಲಿ ಅಂತ ಕೇಳಿದರೆ ಯಾರೂ ದಾರಿ ತೋರಿಸುತ್ತಿರಲಿಲ್ಲ. ತೋರಿಸುವುದಕ್ಕೆ ಅಲ್ಲಿ ಅಂಗಡಿ ಇದ್ದರೆ ತಾನೆ! ಅದು ಇದ್ದದ್ದು ಅಮರಗಢದಲ್ಲಿ. ಅಮರಗಢ ಅಂದರೆ ಊರಲ್ಲ ಸ್ವಾಮಿ, ಕಂಪ್ಯೂಟರಿನ ಆಟ. 2007ರ ಆ ಬೇಸಿಗೆಯಲ್ಲಿ ದೆಹಲಿ, ಗುರ್‌ಗಾಂವ್, ಫರೀದಾಬಾದುಗಳ ಸಾವಿರಾರು ಹುಡುಗ ಹುಡುಗಿಯರು ಇಂಟರ್ನೆಟ್ ಹಿಡಿದು ಅದರೊಳಗೆ ಇಳಿಯುತ್ತಿದ್ದರು, ಗುಂಪು ಕಟ್ಟಿಕೊಂಡು ರಾಕ್ಷಸರನ್ನು ಕೊಚ್ಚಿ ಹಾಕುತ್ತಿದ್ದರು. ಸುಶೀಲಮ್ಮ ಒಂದು ಇಲಿಯನ್ನೂ ಕೊಂದವಳಲ್ಲ. ಅವಳು ಆ ಆಟದ ಕಾಡಿನಲ್ಲಿ ಬೇರು, ಎಲೆ, ತೊಗಟೆ ಆರಿಸಿ ತಂದು, ಆಟದ ಚಿನ್ನದ ನಾಣ್ಯಕ್ಕೆ ಮಾರುತ್ತಿದ್ದಳು. ಅದರಿಂದ ಕಷಾಯ ಕಾಸಿ ಕುಡಿದರೇನೇ ಈ ವೀರಾಧಿವೀರರಿಗೆ ಗಾಯ ಮಾಯುವುದು. ಕಷಾಯವಿಲ್ಲದಿದ್ದರೆ ಶೂರತ್ವವೆಲ್ಲ ಅರ್ಧ ಗಂಟೆಯದು.

ಶುರುವಾದದ್ದು ಮಗಳು ಲಾವಣ್ಯಾಳಿಂದ. ಗುರ್‌ಗಾಂವಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಮನೆಗೆ ಬಂದರೆ ಆಟ. ಒಂದು ಬೆಳಿಗ್ಗೆ ಕ್ಯಾಬ್ ಕೆಳಗೆ ಹಾರ್ನ್ ಹೊಡೆಯುತ್ತಿರುವಾಗ ಅಮ್ಮನನ್ನು ಎಳೆದು ಕಂಪ್ಯೂಟರಿನ ಮುಂದೆ ಕೂರಿಸಿದಳು.

"ಅಮ್ಮಾ, ಪ್ಲೀಸ್. ಸಂಡೇ ದೊಡ್ಡ ಫೈಟ್ ಇದೆ. ಈ ನೀಲಿ ಗಿಡ ಕಂಡ ಕಡೆಯೆಲ್ಲ ಹೋಗಿ ಕ್ಲಿಕ್ ಮಾಡು. ಬಸ್, ಇಷ್ಟೇ. ನಿಂಗೇ ಅಂತ ಬೇರೆ ಅಕೌಂಟ್ ಮಾಡಿದೀನಿ. ಹೆಸರೇನಿಡ್ಲಿ, ಜಲ್ದಿ ಹೇಳು."

ಸುಶೀಲಮ್ಮನ ಬಾಯಿಂದ ತಟಕ್ಕನೆ ಬಂದದ್ದು, "ಅಂಗಡಿ."

"ಅಂಗಡೀನಾ? ಅದೆಂಥ ಹೆಸರಮ್ಮ?"

"ಇಡು ಅಂದ್ರೆ ಇಡು."

ಅದೆಂಥ ಹೆಸರು ಅನ್ನುವುದು ಅವಳಿಗೆ ಗೊತ್ತಿತ್ತು. ದಾವಣಗೆರೆಯಲ್ಲಿ ಅವಳ ಅಪ್ಪನದು ಗಂಧಿಗೆ ಅಂಗಡಿ. ಬಜೆ, ಹಿಪ್ಪಲಿ, ಅಳಲೆಕಾಯಿ, ಲಾವಂಚ, ಕೇಳಿದ್ದೆಲ್ಲ ಸಿಗುತ್ತಿತ್ತು. ಹಿಂದಿನ ಕೋಣೆಯಲ್ಲಿ ಕೂತು ಬೇರು ಆರಿಸುವುದು, ಮಣ್ಣು ಕೇರುವುದು, ಪೊಟ್ಟಣ ಕಟ್ಟುವುದು ಸುಶೀಲೆಯ ಕೆಲಸ. ಆದರೆ ಮುಂದೆ, ಗಲ್ಲಾಪೆಟ್ಟಿಗೆಯ ಬಳಿ ಕೂರುವುದು ಅಣ್ಣನಿಗೆ ಮೀಸಲು. ಒಂದೇ ಒಂದು ಸಲ ಅಣ್ಣ ಊಟಕ್ಕೆ ಹೋಗಿದ್ದಾಗ ಅವಳು ಹೋಗಿ ಕೂತುಬಿಟ್ಟಿದ್ದಳು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ಹೆಣ್ಣುಮಕ್ಕಳು ಇಲ್ಲಿ ಕೂರಬಾರದವ್ವಾ, ಒಳಗೆ ಹೋಗು" ಎಂದರು. ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ. ಆಮೇಲೆ ಮದುವೆಯಾಯಿತು, ಕೇಂದ್ರ ಸರ್ಕಾರದ ನೌಕರಿಯ ಗಂಡನ ಹಿಂದೆ ದೆಹಲಿಗೆ ಬಂದಳು, ಅಣ್ಣ ಅಂಗಡಿ ಮಾರಿ ಲಾರಿ ಇಟ್ಟ. ಅಲ್ಲಿಗೆ ಆ ಮಾತು ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು.

ಮುಗಿದಿರಲಿಲ್ಲ ನೋಡಿ. ಲಾವಣ್ಯಾ ಸಂಜೆ ಬರುವಷ್ಟರಲ್ಲಿ ಅಮ್ಮ ಅವಳ ಗುಂಪಿಗೆ ಬೇಕಾದಷ್ಟು ನೀಲಿ ಗಿಡ ಕಿತ್ತು, ಮಿಕ್ಕಿದ್ದನ್ನು ಏನು ಮಾಡಲಿ ಎಂದು ಕಾಯುತ್ತ ಕೂತಿದ್ದಳು.

"ಮಾರ್ಕೆಟ್ ಬೋರ್ಡಿಗೆ ಹಾಕು, ಯಾರಾದ್ರೂ ತಗೋತಾರೆ" ಅಂದಳು ಮಗಳು. ಹಾಕಿದಳು. ಹಾಕಿದ್ದು ಚಹಾ ಕುದಿಯುವುದರೊಳಗೆ ಮಾರಿಹೋಯಿತು. ಸುಶೀಲಮ್ಮ ಅಂದು ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು.

ಆಮೇಲಿನದು ಕೇಳಬೇಡಿ. ಯಾವ ಗುಡ್ಡದಲ್ಲಿ ಕಿತ್ತ ಗಿಡ ಎಷ್ಟು ಹೊತ್ತಿಗೆ ಮತ್ತೆ ಚಿಗುರುತ್ತದೆ, ಯಾವ ಹಳ್ಳದ ಹತ್ತಿರ ತೋಳ ಕಾಯುತ್ತದೆ, ಎಲ್ಲ ಅವಳಿಗೆ ಬಾಯಿಪಾಠವಾಯಿತು. ಹುಡುಗರು ಭಾನುವಾರದ ಕಾಳಗಕ್ಕೆ ಭಾನುವಾರವೇ ಬೇರಿಗಾಗಿ ಓಡಾಡುವವರು. ಸುಶೀಲಮ್ಮ ಸೋಮವಾರದಿಂದ ಕೂಡಿಟ್ಟು ಶನಿವಾರ ಹೊರಗೆ ತೆಗೆಯುವಳು. ಹಾಗಂತ ಅತಿಯಾಗಿ ದರ ಏರಿಸಿದವಳಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ, ಕೂಲರಿಗೆ ನೀರು ಹಾಕಿ, ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತರೆ ಕೈಯಲ್ಲಿ ವ್ಯಾಪಾರದ ಕಳೆ. ಗಂಡ ದೇವೇಂದ್ರಪ್ಪ ಆಫೀಸಿಗೆ ಹೊರಡುವಾಗ, "ಏನು, ಹುಲ್ಲು ಕೀಳೋಕೆ ಹೊರಟಿರಾ?" ಎಂದು ಕಿಚಾಯಿಸುತ್ತಿದ್ದ. "ನೀವು ಫೈಲು ಹೊತ್ತು ಹಾಕಿ, ನಾನು ಹುಲ್ಲು ಕೀಳ್ತೀನಿ. ಯಾರದು ಮುಂಚೆ ಖಾಲಿ ಆಗುತ್ತೆ ನೋಡೋಣ" ಎನ್ನುತ್ತಿದ್ದಳು ಅವಳು.

ಒಂದೇ ಒಂದು ವಿಷಯ ಅವಳನ್ನು ಮೊದಲ ದಿನದಿಂದ ಕೊರೆಯುತ್ತಿತ್ತು. ಬೋರ್ಡಿನಲ್ಲಿ ಬೇರು ಇಪ್ಪತ್ತರ ಕಟ್ಟು. ಗಿರಾಕಿ ಹಣ ಕೊಟ್ಟರೆ ಯಂತ್ರ ಇಪ್ಪತ್ತು ಎಣಿಸಿ ಕೊಡುತ್ತದೆ. ಇಪ್ಪತ್ತೆಂದರೆ ಇಪ್ಪತ್ತೇ.

"ಕೊಸರು ಎಲ್ಲಿ ಹಾಕ್ಬೇಕು?" ಅಂದಳು ಲಾವಣ್ಯಾಳಿಗೆ.

ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. "ಕೊಸರು ಮತ್ಲಬ್?"

"ಅಳೆದು ಕೊಟ್ಟ ಮೇಲೆ ಇನ್ನೊಂದು ಚೂರು ಸುಮ್ಮನೆ ಹಾಕೋದು ಕಣೇ. ನಿಮ್ಮಜ್ಜ ಬಜೆ ತೂಗಿದ ಮೇಲೆ ಇನ್ನೆರಡು ತುಂಡು ಹಾಕದೆ ಪೊಟ್ಟಣ ಕಟ್ಟಿದ್ದು ನಾನು ನೋಡಿಲ್ಲ."

"ಅಮ್ಮಾ, ಇಲ್ಲಿ ಕಂಪ್ಯೂಟರ್ ಕರೆಕ್ಟಾಗಿ ಎಣಿಸಿ ಕೊಡುತ್ತೆ. ಯಾರೂ ಎಕ್ಸ್‌ಟ್ರಾ ಕೇಳಲ್ಲ."

"ಎಣಿಸಿ ಕೊಡೋದಕ್ಕೆ ಅದೇನು ಬ್ಯಾಂಕಾ? ಅಂಗಡಿ ಕಣೇ ಅದು!"

ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆಟದಲ್ಲಿ ಒಂದು ಅಂಚೆಯ ವ್ಯವಸ್ಥೆ ಇತ್ತು, ಯಾರಿಗೆ ಬೇಕಾದರೂ ಪಾರ್ಸೆಲ್ ಕಳಿಸಬಹುದು. ಅಂದಿನಿಂದ ಒಂದೊಂದು ಕಟ್ಟು ಮಾರಿದಾಗಲೂ ಕೊಂಡವರ ಹೆಸರು ನೋಡಿಕೊಂಡು, ಅವರಿಗೆ ಎರಡು ಬೇರು ಬೇರೆಯಾಗಿ, ಬಿಟ್ಟಿಯಾಗಿ, ಅಂಚೆಯಲ್ಲಿ ಹಾಕುತ್ತಿದ್ದಳು. ಜತೆಗೆ ಒಂದೇ ಬೆರಳಿನಲ್ಲಿ ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಒತ್ತಿ 'ಕೊಸರು' ಎಂದು ಬರೆಯುತ್ತಿದ್ದಳು. ಕೆಲವರು ತಪ್ಪಿ ಬಂದಿದೆ ಎಂದು ವಾಪಸು ಕಳಿಸಿದರು. "ತಪ್ಪಲ್ಲ, ಇಟ್ಟುಕೋ" ಎಂದು ಹಿಂದಿಯಲ್ಲಿ ಉತ್ತರ ಬರೆದು ಮತ್ತೆ ಕಳಿಸಿದಳು.

ಗಳಿಸಿದ ನಾಣ್ಯಗಳಿಂದ ಅಮರಗಢದ ಚೌಕದಲ್ಲೇ ಒಂದು ಮಳಿಗೆ ಕೊಂಡಳು. ಮೇಲೊಂದು ಹಲಗೆ, ಹಲಗೆಯ ಮೇಲೆ 'ಅಂಗಡಿ' ಎಂಬ ಅವಳ ಹೆಸರು. ಅದರ ಕೆಳಗೆ ಸೀರೆಯುಟ್ಟ ಪುಟ್ಟ ಬೊಂಬೆ, ಅಂದರೆ ಅವಳೇ. ಆ ಆಟದಲ್ಲಿ ಮೀಸೆ ಹೊತ್ತವರೂ ಹೆಣ್ಣು ಬೊಂಬೆ ಇಟ್ಟುಕೊಳ್ಳುತ್ತಿದ್ದುದರಿಂದ ಯಾರೂ ಅದನ್ನು ನಂಬುತ್ತಿರಲಿಲ್ಲ, ಅಷ್ಟೆ. ಲಾವಣ್ಯಾಳ ಗೆಳೆಯ ಕಾರ್ತಿಕ್ ಮನೆಗೆ ಬಂದಾಗ ಈ ವಿಷಯ ತಿಳಿದು, ಕೈಲಿದ್ದ ಚಕ್ಕುಲಿ ತಟ್ಟೆಗೆ ಬಿಟ್ಟು ಎದ್ದು ನಿಂತುಬಿಟ್ಟ. "ಆಂಟಿ, ಅಂಗಡಿ ಅಂದ್ರೆ ನೀವಾ? ನಮ್ಮ ಗ್ರೂಪಿಗೆ ಸಾಮಾನು ತರೋನು ನಾನೇ. ನಿಮ್ಮ ಮಳಿಗೇಲಿ ಮಾಲು ಇಲ್ಲ ಅಂದ್ರೆ ಅವತ್ತು ಫೈಟೇ ಕ್ಯಾನ್ಸಲ್!" ಸುಶೀಲಮ್ಮ ಏನೂ ಆಗದವಳ ಹಾಗೆ ಅಡಿಗೆಮನೆಗೆ ಹೋದಳು. ಅಲ್ಲಿ ಗ್ಯಾಸ್ ಕಟ್ಟೆ ಹಿಡಿದುಕೊಂಡು ಒಬ್ಬಳೇ ನಕ್ಕಳು. ಐವತ್ತೊಂದು ವರ್ಷಕ್ಕೆ ಅವಳು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಳು, ಒಳಗೆ ಹೋಗು ಎನ್ನುವವರು ಯಾರೂ ಇರಲಿಲ್ಲ.

ಹೀಗಿರುವಾಗ ಜೂನ್ ತಿಂಗಳ ಒಂದು ಬೆಳಿಗ್ಗೆ ಆಟ ತೆರೆಯಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರ. ಕರೆಂಟಿನ ತೊಂದರೆಯೋ ಏನೋ ಎಂದು ಮೂರು ಸಲ ಆರಿಸಿ ಹಚ್ಚಿದಳು. ಕೊನೆಗೆ, ಅಂದು ರಜೆ ಹಾಕಿ ಮಲಗಿದ್ದ ಲಾವಣ್ಯಾಳನ್ನು ಎಬ್ಬಿಸಿದಳು. ಮಗಳು ಕಣ್ಣುಜ್ಜಿಕೊಂಡು ಓದಿದಳು, ಕಂಪನಿಯ ಇ-ಮೇಲ್ ತೆರೆದು ಮತ್ತೆ ಓದಿದಳು. ಮುಖ ಸಣ್ಣದಾಯಿತು.

"ಅಮ್ಮಾ, ನಿನ್ನ ಅಕೌಂಟ್ ಬಂದ್ ಮಾಡಿದಾರೆ. ಮಳಿಗೆಗೂ ಬೀಗ ಹಾಕಿದಾರೆ."

"ಯಾಕಂತೆ?"

"ಕೆಲವರು ಆಟದ ಮಾಲನ್ನ ಹೊರಗೆ ಅಸಲಿ ರೂಪಾಯಿಗೆ ಮಾರ್ತಾರಲ್ಲ, ಅದು ರೂಲ್ಸ್ ಪ್ರಕಾರ ಚೋರಿ. ಹೊರಗೆ ದುಡ್ಡು ಇಸ್ಕೊಂಡು, ಒಳಗೆ ಮಾಲನ್ನ ಫ್ರೀ ಪಾರ್ಸೆಲ್ ಅಂತ ಕಳಿಸ್ತಾರೆ. ನೀನು ದಿನಾ ಕಂಡಕಂಡೋರಿಗೆಲ್ಲ ಫ್ರೀ ಪಾರ್ಸೆಲ್ ಕಳಿಸ್ತೀಯಲ್ಲ. ಅವರ ಕಂಪ್ಯೂಟರ್ ಅದನ್ನ ಹಿಡಿದು..."

"ನನ್ನ ಕಳ್ಳಿ ಅಂತಿದಾರಾ?"

ಸುಶೀಲಮ್ಮನ ಪಿತ್ತ ನೆತ್ತಿಗೇರಿತು. ನಲವತ್ತು ವರ್ಷ ಪೇಟೆಯಲ್ಲಿ ಕೂತು ಒಬ್ಬರಿಂದಲೂ ತೂಕ ಕಮ್ಮಿ ಎನ್ನಿಸಿಕೊಳ್ಳದ ಮನುಷ್ಯನ ಮಗಳು ಅವಳು. ಕೊಟ್ಟದ್ದಕ್ಕೆ ಕಳ್ಳಿ ಎನ್ನಿಸಿಕೊಳ್ಳುವುದೆ? ಕಿತ್ತುಕೊಂಡು ಅನ್ನಿಸಿಕೊಂಡಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ.

ದೇವೇಂದ್ರಪ್ಪ ಟವೆಲ್ಲಿನಲ್ಲೇ ಓಡಿಬಂದ. "ನೋಟಿಸ್ ಬಂದಿದೆಯಾ? ನೋಟಿಸಾ? ಸರ್ಕಾರಿ ಕ್ವಾರ್ಟರ್ಸು ಕಣೇ ಇದು! ನಾಳೆ ವಿಜಿಲೆನ್ಸ್‌ನೋರು ಬಂದು ನಿಮ್ಮ ಮನೇಲಿ ಏನು ವ್ಯಾಪಾರ ಅಂತ ಕೇಳಿದ್ರೆ?" ಬಟ್ಟೆ ಹಾಕಿಕೊಳ್ಳುವುದನ್ನೂ ಮರೆತು ಒಂದು ಉತ್ತರ ಗೀಚಿದ. ಇಂಗ್ಲಿಷಿನಲ್ಲಿ ವಿನಮ್ರತೆಯಿಂದ ನಿವೇದಿಸಿಕೊಳ್ಳುತ್ತೇನೆ, ತಿಳಿಯದೆ ಆದ ಪ್ರಮಾದ, ಕೃಪೆಮಾಡಿ ಮನ್ನಿಸಬೇಕು. ಮೂವತ್ತು ವರ್ಷ ಕಲಿತದ್ದೆಲ್ಲ ಅದರಲ್ಲಿತ್ತು.

ಸುಶೀಲಮ್ಮ ಅದನ್ನು ನೋಡಲೂ ಇಲ್ಲ. "ಪ್ರಮಾದ ಯಾರದ್ದು ರೀ? ನನ್ನದಲ್ಲ. ಆ ಕಂಪನಿ ಎಲ್ಲಿದೆಯೇ ಲಾವಿ?"

"ನೋಯ್ಡಾ. ಬಟ್ ಅಮ್ಮಾ, ಯಾರೂ ಹಾಗೆ ಆಫೀಸಿಗೆ ಹೋಗಲ್ಲ. ಮೇಲ್ ಮಾಡ್ತಾರೆ."

"ನಾನು ಹೋಗ್ತೀನಿ. ಬರೋರು ಬನ್ನಿ, ಇಲ್ದಿದ್ರೆ ಅನ್ನ ಮಾಡಿಟ್ಟಿದೀನಿ, ಉಂಡು ಮಲಗಿ."

ಬರದೆ ಇರುವ ಧೈರ್ಯ ಯಾರಿಗಿತ್ತು? ದೇವೇಂದ್ರಪ್ಪ ಅರ್ಧ ದಿನ ರಜೆ ಹಾಕಿದ. ಖನ್ನಾ ಮಾರ್ಕೆಟ್ಟಿನ ಮುಂದೆ ಆಟೋದವನು ಯು.ಪಿ. ಬಾರ್ಡರ್ ದಾಟಬೇಕು ಅಂತ ಬಾಯಿಗೆ ಬಂದಷ್ಟು ಕೇಳಿದ. ಕೋಪದಲ್ಲೂ ಸುಶೀಲಮ್ಮ ಅವನನ್ನು ಅರ್ಧಕ್ಕೆ ಇಳಿಸಿಯೇ ಹತ್ತಿದಳು. ನಿಜಾಮುದ್ದೀನ್ ಸೇತುವೆ ದಾಟುವಾಗ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಅವಳು ಸೆರಗನ್ನು ತಲೆಗೆ ಸುತ್ತಿಕೊಂಡು ಮುಂದೆ ನೋಡುತ್ತ ಕೂತಳು.

ಕಂಪನಿಯ ಗೋಡೆಗಳ ತುಂಬ ಕತ್ತಿ ಹಿಡಿದ ರಾಕ್ಷಸರು, ಕೆಳಗೆ ಜೀನ್ಸು ತೊಟ್ಟ ಹುಡುಗರು, ಎಲ್ಲರ ಮೇಲೂ ಏಸಿಯ ತಣ್ಣನೆ ಗಾಳಿ. "ಯಾರನ್ನ ನೋಡ್ಬೇಕು ಮಾತಾಜೀ?" ಎಂದ ಗಾರ್ಡ್. "ಬೀಗ ಹಾಕಿದವರನ್ನ" ಎಂದಳು ಸುಶೀಲಮ್ಮ.

ಒಳಗೆ ಚಂದ್ರಮೋಹನ್ ಎಂಬ ಕನ್ನಡಕದ ಯುವಕ ಇವರನ್ನು ಕೂರಿಸಿದ. ಆಟದ ನಿಯಮ ಮುರಿದವರನ್ನು ಹಿಡಿಯುವುದು ಅವನ ಕೆಲಸ. ಮೊದಲು ದೇವೇಂದ್ರಪ್ಪನ ಕಡೆ ತಿರುಗಿ, "ನೀವು ತಾನೆ ಅಂಗಡಿ?" ಎಂದ.

"ನಾನು" ಎಂದಳು ಸುಶೀಲಮ್ಮ.

ಅವನು ಒಂದು ಗಳಿಗೆ ಬೆಪ್ಪಾದ. ತಾನು ಹುಡುಕುತ್ತಿದ್ದುದು ಯಾವನೋ ಗಡ್ಡದ ಹುಡುಗನನ್ನು ಎಂದು ಅವನ ಮುಖವೇ ಹೇಳುತ್ತಿತ್ತು. ಆಮೇಲೆ ಮರ್ಯಾದೆಯಿಂದಲೇ, ಹಿಂದಿಯಲ್ಲಿ ಮಾತು ತೆಗೆದ. ಸುಶೀಲಮ್ಮನದೂ ಇಪ್ಪತ್ತೈದು ವರ್ಷ ತರಕಾರಿ ಭಯ್ಯಾಗಳ ಜತೆ ಗುದ್ದಾಡಿ ಪಳಗಿದ ಹಿಂದಿ, ಯಾರಿಗೂ ಕಮ್ಮಿಯಿಲ್ಲ.

"ಮೇಡಂ, ನೋಡಿ," ಎಂದು ಪರದೆಯನ್ನು ಅವಳತ್ತ ತಿರುಗಿಸಿದ. "ನೀವು ಕಳಿಸಿದ ಪಾರ್ಸೆಲ್‌ಗಳು. ಒಂದಕ್ಕೂ ಬೆಲೆ ಇಲ್ಲ. ಎಲ್ಲದರ ಮೇಲೂ ಒಂದೇ ಮಾತು. ಹಿಂದಿ, ಪಂಜಾಬಿ, ಇಂಗ್ಲಿಷ್ ಎಲ್ಲದರಲ್ಲೂ ಹುಡುಕಿದ್ವಿ, ಸಿಗಲಿಲ್ಲ. ಇದು ಸಂಕೇತ. ಹೊರಗೆ ಹಣ ಬಂತು ಅನ್ನೋದಕ್ಕೆ ಗುರುತು."

"ಸಂಕೇತಾನೂ ಇಲ್ಲ ಮಣ್ಣೂ ಇಲ್ಲ. ನಮ್ಮ ಕಡೆ ಮಾತು ಅದು. ನೀನು ತರಕಾರಿ ತಗೊಂಡಾಗ ಭಯ್ಯಾ ಮೇಲೊಂದಿಷ್ಟು ಕೊತ್ತಂಬರಿ, ಹಸಿಮೆಣಸಿನಕಾಯಿ ಹಾಕಲ್ವಾ? ಅದಕ್ಕೆ ದುಡ್ಡು ಕೊಡ್ತೀಯಾ? ಇದೂ ಅದೇ."

"ಭಯ್ಯಾ ಅದನ್ನ ಚೀಲಕ್ಕೆ ಹಾಕ್ತಾನೆ ಮೇಡಂ. ಆಮೇಲೆ ನನ್ನ ಮನೆ ಹುಡುಕಿಕೊಂಡು ಬಂದು ಎರಡು ಮೆಣಸಿನಕಾಯಿ ಕೊಟ್ಟು ಹೋಗಲ್ಲ. ಗುರುತು ಪರಿಚಯ ಇಲ್ಲದೋರಿಗೆ ಬೇರೆಯಾಗಿ ಅಂಚೆ ಮಾಡಿ ಕಳಿಸೋರು ಯಾರಿದಾರೆ?"

"ನಾನಿದೀನಿ. ನಿನ್ನ ಯಂತ್ರಕ್ಕೆ ಕೊಸರು ಹಾಕೋಕೆ ಬರಲ್ಲ, ಅದಕ್ಕೆ ಅಂಚೆ ಖರ್ಚು ನಾನು ಕೊಟ್ಟು ಹಾಕಿದೀನಿ."

ಲಾವಣ್ಯಾಳಿಗೆ ನಗು ತಡೆಯಲಾಗಲಿಲ್ಲ. ಚಂದ್ರಮೋಹನನ ತುಟಿಯೂ ಅಲ್ಲಾಡಿತು. ಆದರೆ ಅವನು ತಲೆಯಾಡಿಸಿದ. "ನಾನು ನಂಬಬಹುದು ಮೇಡಂ. ಮೇಲಿನವರಿಗೆ ಸಾಕ್ಷಿ ಬೇಕು. ಒಂದು ಕೆಲಸ ಮಾಡಿ. ನಿಯಮ ಮುರಿದು ಪಾರ್ಸೆಲ್ ಕಳಿಸಿದ್ದು ನಿಜ, ಇನ್ನು ಮೇಲೆ ಕಳಿಸಲ್ಲ ಅಂತ ಎರಡು ಸಾಲು ಬರೆದು ಸಹಿ ಹಾಕಿ. ನಿಮ್ಮ ಮಳಿಗೆ, ಮಾಲು, ನಾಣ್ಯ ಎಲ್ಲ ಈಗಲೇ ವಾಪಸ್."

ದೇವೇಂದ್ರಪ್ಪ ಆಗಲೇ ಪೆನ್ನಿನ ಟೋಪಿ ತೆಗೆದು ಹೆಂಡತಿಯ ಕೈಗೆ ತುರುಕಿದ್ದ. "ಹಾಕೇ ಮಾರಾಯ್ತಿ. ಎರಡು ಸಾಲು. ಆಫೀಸಲ್ಲಿ ನಾನು ಇಂಥವು ನೂರು ಹಾಕಿದೀನಿ."

ಲಾವಣ್ಯಾ ಕೂಡ, "ಅಮ್ಮಾ, ಹಾಕ್ಬಿಡು. ನಿನ್ನ ಅಂಗಡಿ ಉಳಿಯುತ್ತೆ" ಎಂದಳು.

ಸುಶೀಲಮ್ಮ ಪೆನ್ನು ಹಿಡಿದು ಕೂತಳು. ಸುಳ್ಳು ಯಾಕೆ ಹೇಳಬೇಕು, ಅವಳಿಗೂ ಆಸೆಯಾಯಿತು. ಆ ಚೌಕ, ಆ ಹಲಗೆ, ಶನಿವಾರದ ಸಂಜೆ ಗಿರಾಕಿಗಳು ಮುತ್ತಿಕೊಳ್ಳುವ ಗಲಾಟೆ, ಎಲ್ಲ ಕಣ್ಣಮುಂದೆ ಬಂತು. ಸಹಿ ಹಾಕಿದರೆ ನಾಳೆ ಬೆಳಿಗ್ಗೆ ಮತ್ತೆ ಅಲ್ಲಿ ಕೂರಬಹುದು. ಹಾಕದಿದ್ದರೆ ಮತ್ತೆ ಬರೀ ಅಡಿಗೆಮನೆ. ಆದರೆ ಸಹಿ ಹಾಕಿದ ಮೇಲೆ ಕೂರುವವಳು ಯಾರು? ತಪ್ಪೊಪ್ಪಿಕೊಂಡ ಕಳ್ಳಿ. ಕೊಡುವ ಕೈಯನ್ನು ಮಡಚಿಕೊಂಡು, ಇಪ್ಪತ್ತಕ್ಕೆ ಇಪ್ಪತ್ತು ಎಣಿಸಿ ಕೊಡುವವಳು.

ಪೆನ್ನಿಗೆ ಟೋಪಿ ಹಾಕಿ ಗಂಡನ ಜೇಬಿಗೆ ಸಿಕ್ಕಿಸಿದಳು.

"ಮುಚ್ಚಿಬಿಡಪ್ಪ ಅಂಗಡಿ. ಕೊಸರು ಹಾಕದೆ ಇರೋ ಅಂಗಡೀಲಿ ನಾನು ಕೂರಲ್ಲ. ಕಳ್ಳಿ ಅಂತ ಸಹಿ ಹಾಕೋದಂತೂ ಈ ಜನ್ಮದಲ್ಲಿಲ್ಲ." ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

ಚಂದ್ರಮೋಹನ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡ. "ಕೂತ್ಕೊಳ್ಳಿ ಮೇಡಂ. ಇದು ನಿಮ್ಮ ಒಬ್ಬರದೇ ಆಗಿದ್ರೆ ನಾನೇ ಹೇಗಾದ್ರೂ ಮುಗಿಸ್ತಿದ್ದೆ. ನೀವು ಸಹಿ ಹಾಕಲ್ಲ ಅಂದ್ರೆ ನಿಮ್ಮ ಇಡೀ ಗ್ಯಾಂಗನ್ನ ಬಂದ್ ಮಾಡಬೇಕಾಗುತ್ತೆ."

"ಗ್ಯಾಂಗಾ? ಯಾವ ಗ್ಯಾಂಗು?"

"ಅರವತ್ತು ಚಿಲ್ಲರೆ ಜನ ಇದಾರೆ. ಅದಿರು ಮಾರೋರು, ಚರ್ಮ ಮಾರೋರು, ಮೀನು ಮಾರೋರು. ಒಂದೆರಡು ತಿಂಗಳಿಂದ ಅವರೂ ಮಾರಿದ ಮೇಲೆ ಬಿಟ್ಟಿ ಪಾರ್ಸೆಲ್ ಕಳಿಸ್ತಿದಾರೆ. ಅದೇ ಮಾತು ಬರೆದು. ಎಲ್ಲರೂ ಮೊದಲು ನಿಮ್ಮಿಂದಲೇ ಕೊಂಡೋರು. ಈ ಜಾಲ ನಿಮ್ಮಿಂದ ಶುರುವಾಗಿದೆ, ನಮ್ಮ ಲೆಕ್ಕದಲ್ಲಿ ನೀವೇ ಇದರ ಸರದಾರ."

ಸುಶೀಲಮ್ಮ ಧೊಪ್ಪನೆ ಕುರ್ಚಿಯಲ್ಲಿ ಕೂತಳು. ಮಗಳ ಮುಖ ನೋಡಿದಳು. ಲಾವಣ್ಯಾ ಅಮರಗಢದಲ್ಲಿ ಕತ್ತಿ ಬೀಸುವುದು ಬಿಟ್ಟು ಇನ್ನೊಂದು ಕಂಡವಳಲ್ಲ, ಅವಳೂ ಬಾಯಿ ತೆರೆದು ಕೂತಿದ್ದಳು. ಸುಶೀಲಮ್ಮನಿಗಾದರೂ ಹೇಗೆ ಗೊತ್ತಾಗಬೇಕು? ಅವಳು ಮಾರಿದವಳೇ ಹೊರತು ಅಲ್ಲಿ ಯಾರಿಂದಲೂ ಒಂದು ಕಡ್ಡಿ ಕೊಂಡವಳಲ್ಲ.

"ಇವರೆಲ್ಲ ಯಾರು ಅಂತಾನೇ ನಂಗೊತ್ತಿಲ್ಲ" ಎಂದಳು. ಆಮೇಲೆ ಏನು ಹೊಳೆಯಿತೋ, ಮುಂದಕ್ಕೆ ಬಾಗಿದಳು. "ಅವರ ಫೋನ್ ನಂಬರ್ ನಿನ್ನ ಹತ್ರ ಇರುತ್ತಾ?"

"ಇರುತ್ತೆ. ಅಕೌಂಟ್ ಮಾಡುವಾಗ ಕೊಟ್ಟಿರ್ತಾರೆ."

"ಒಬ್ಬನಿಗೆ ಮಾಡು. ನಿಂಗೆ ಯಾರ ಮೇಲೆ ಜಾಸ್ತಿ ಅನುಮಾನ ಇದೆಯೋ ಅವನಿಗೇ ಮಾಡು. ನಾನಿಲ್ಲಿದೀನಿ ಅಂತ ಹೇಳಬೇಡ. ಹಣ ಕೊಟ್ಟೆಯಾ, ಯಾರಿಗೆ ಕೊಟ್ಟೆ, ಕೇಳು. ಕೊಟ್ಟೆ ಅಂದ್ರೆ ನೀನು ಹೇಳಿದ ಕಡೆ ಸಹಿ ಹಾಕಿ ಹೋಗ್ತೀನಿ."

"ಸುಶೀಲಾ!" ಎಂದ ದೇವೇಂದ್ರಪ್ಪ. ಗುರುತಿಲ್ಲದವನ ಬಾಯಿಗೆ ತನ್ನ ಮಾನ ಒಪ್ಪಿಸುವವಳನ್ನು ಅವನು ಮೂವತ್ತು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ.

ಚಂದ್ರಮೋಹನ್ ಪರದೆಯ ಮೇಲೆ ಬೆರಳಾಡಿಸಿ, ಎಲ್ಲರಿಗಿಂತ ಹೆಚ್ಚು ಪಾರ್ಸೆಲ್ ಕಳಿಸಿದವನನ್ನು ಹುಡುಕಿ ತೆಗೆದ. ಸತ್ಬೀರ್, ಫರೀದಾಬಾದ್. ಫೋನಿನ ಸ್ಪೀಕರ್ ಹಾಕಿ ನಂಬರ್ ಒತ್ತಿದ. ಗಂಟೆ ಹೊಡೆದುಕೊಂಡಿತು, ಹೊಡೆದುಕೊಂಡಿತು. ಸುಶೀಲಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

"ಹಲೋ!" ಅತ್ತ ಕಾರ್ಖಾನೆಯ ಸದ್ದು, ಯಾವುದೋ ಯಂತ್ರದ ಗರ್ರ್ ಎನ್ನುವ ಶಬ್ದ. ಚಂದ್ರಮೋಹನ್ ತಾನು ಯಾರೆಂದು ಹೇಳಿ, ಅಮರಗಢದಲ್ಲಿ ಅಂಗಡಿ ಎಂಬ ಹೆಸರಿನವರಿಗೆ ನೀನು ಹೊರಗೆ ಹಣ ಕೊಟ್ಟಿದ್ದೀಯಾ ಎಂದು ನೇರವಾಗಿ ಕೇಳಿದ.

"ಹಣಾನಾ?" ಸತ್ಬೀರನದು ಹರಿಯಾಣದ ಬೀಸು ದನಿ. "ಹೊರಗೆ ಯಾಕೆ ಕೊಡಲಿ ಜೀ? ಒಳಗೆ ಮಳಿಗೆ ಇದೆಯಲ್ಲ. ಬೇರು ಅಲ್ಲೇ ಕೊಳ್ಳೋದು."

"ಮತ್ತೆ ಅವರು ನಿನಗೆ ಫ್ರೀ ಪಾರ್ಸೆಲ್ ಕಳಿಸಿದ್ದು ಯಾಕೆ?"

"ಅದು ಕೊಸ್ರು ಜೀ."

ಸುಶೀಲಮ್ಮ ಫೋನಿನತ್ತ ಬಾಗಿದಳು. ಅಪ್ಪನ ಅಂಗಡಿಯ ಮಾತು, ಫರೀದಾಬಾದಿನ ಕಾರ್ಖಾನೆಯೊಂದರಿಂದ, ಹರಿಯಾಣದ ಹುಡುಗನ ಬಾಯಲ್ಲಿ!

"ಕೊಸ್ರು ಅಂದ್ರೆ?" ಎಂದ ಚಂದ್ರಮೋಹನ್.

"ಕೊಸ್ರು ಅಂದ್ರೆ ಕೊಸ್ರು ಜೀ, ಏನು ಹೇಳಲಿ? ಮಾಲು ಕೊಟ್ಟ ಮೇಲೆ ಮನಸ್ಸಿಗೆ ಬಂದು ಮೇಲೆ ಹಾಕೋದು. ನಂಗೂ ಗೊತ್ತಿರಲಿಲ್ಲ. ಮೊದಲ ಸಲ ಬಂದಾಗ ತಪ್ಪಿ ಬಂದಿದೆ ಅಂತ ವಾಪಸ್ ಕಳಿಸಿದೆ. ತಪ್ಪಲ್ಲ, ಇಟ್ಟುಕೋ ಅಂತ ಉತ್ತರ ಬಂತು. ಅಲ್ಲಿ ಎಲ್ಲರೂ ಒಬ್ಬರ ತಲೆ ಒಬ್ಬರು ಒಡೆಯೋರು ಜೀ, ನಾನು ಅಂಥದ್ದು ನೋಡೇ ಇರಲಿಲ್ಲ. ಮಾರನೇ ದಿನ ನಾನು ಅದಿರು ಮಾರಿದೆ. ಅಷ್ಟಕ್ಕೆ ಬಿಡೋಕೆ ನಾಚಿಕೆ ಆಯ್ತು. ನಾನೂ ಹಾಕಿದೆ. ಈಗ ನಮ್ಮ ಗುಂಪಲ್ಲಿ ಯಾರಾದ್ರೂ ಕೊಸ್ರು ಹಾಕದೆ ಮಾರಿದ್ರೆ ಅವನ ಹತ್ರ ಮತ್ತೆ ಯಾರೂ ಕೊಳ್ಳಲ್ಲ. ಯಾಕೆ ಜೀ, ಅಂಗಡಿಗೆ ಏನಾದ್ರೂ ತೊಂದ್ರೆ ಆಗಿದೆಯಾ? ಆಗಿದ್ರೆ ಹೇಳಿ, ನಾವೆಲ್ಲ ಬರ್ತೀವಿ."

ಲಾವಣ್ಯಾ ಅಮ್ಮನ ಕೈ ಹಿಡಿದುಕೊಂಡಳು. ಸುಶೀಲಮ್ಮನ ಕಣ್ಣು ತುಂಬಿ ಹರಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಹೆಮ್ಮೆಯಾದಾಗ ಯಾಕೆ ಒರೆಸಿಕೊಳ್ಳಬೇಕು? ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಅವಳಿಗೆ ಒಂದು ಮಧ್ಯಾಹ್ನವೂ ದಕ್ಕಿರಲಿಲ್ಲ. ಕೂತ ಅಣ್ಣ ಅಂಗಡಿಯ ಜತೆಗೆ ಅದರ ರೀತಿಯನ್ನೂ ಮಾರಿ ಕೈತೊಳೆದುಕೊಂಡಿದ್ದ. ಆ ರೀತಿಯನ್ನು ಹಿಂದಿನ ಕೋಣೆಯಲ್ಲಿ ಮಣ್ಣು ಕೇರಿದವಳು ಇಲ್ಲಿಗೆ ತಂದು, ಮುಖ ಕಾಣದ ಅರವತ್ತು ಜನರಿಗೆ ಹಚ್ಚಿದ್ದಳು. ಅಪ್ಪ ಇದ್ದಿದ್ದರೆ ಇವತ್ತು ತಾನೇ ಎದ್ದು ಜಾಗ ಬಿಡುತ್ತಿದ್ದರು, ಅನುಮಾನವೇ ಇಲ್ಲ.

ಚಂದ್ರಮೋಹನ್ ಫೋನ್ ಇಡಲು ಕೈ ಚಾಚಿದ. ಸುಶೀಲಮ್ಮ ಅವನ ಕೈ ಸರಿಸಿ, ಮೇಜಿನ ಮೇಲೆ ಬಾಗಿ ಫೋನಿಗೆ ಬಾಯಿ ಹಚ್ಚಿದಳು.

"ಸತ್ಬೀರ್ ಬೇಟಾ, ನಾನು ಅಂಗಡಿ ಮಾತಾಡ್ತಿದೀನಿ."

ಅತ್ತ ಯಂತ್ರ ಆರಿಸಿದ ಸದ್ದು. ಆಮೇಲೆ, "ಅಂಗಡಿ... ಆಂಟಿಯಾ?" ಎಂದಿತು ದನಿ. "ರಾಮ್ ರಾಮ್ ಆಂಟಿಜೀ! ನಾವೆಲ್ಲ ಯಾರೋ ದಾದಾ ಇರಬೇಕು ಅಂದ್ಕೊಂಡಿದ್ವಿ!"

"ಅದಿರಲಿ. ಇಪ್ಪತ್ತಕ್ಕೆ ಎಷ್ಟು ಕೊಸರು ಹಾಕ್ತೀಯಾ ನೀನು?"

"ಒಂದು ಆಂಟಿಜೀ."

"ಒಂದಾ? ಇಪ್ಪತ್ತಕ್ಕೆ ಒಂದಾ? ನಾಚಿಕೆ ಆಗಲ್ವಾ? ನನ್ನ ಹೆಸರು ಹೇಳ್ಕೊಂಡು ಜಿಪುಣತನ ಮಾಡ್ತೀಯಾ? ಎರಡು ಹಾಕು!"

"ಜೀ ಆಂಟಿಜೀ! ಎರಡು! ಇವತ್ತಿಂದಾನೇ!"

ಚಂದ್ರಮೋಹನ್ ಗಹಗಹಿಸಿ ನಕ್ಕುಬಿಟ್ಟ. ನಗುತ್ತಲೇ ಕೀಲಿಮಣೆ ಎಳೆದುಕೊಂಡು ಏನೇನೋ ಒತ್ತಿದ. ಪರದೆಯ ಮೇಲೆ ಅವಳ ಅಕೌಂಟ್ ತೆರೆಯಿತು, ಕೆಂಪು ಅಕ್ಷರ ಹೋಗಿ ಚೌಕ ಬಂತು, ಮಳಿಗೆ ಬಂತು, ಹಲಗೆಯ ಕೆಳಗೆ ಸೀರೆಯುಟ್ಟ ಬೊಂಬೆ ಬಂತು. "ಉಳಿದವರನ್ನೂ ಬಿಟ್ಟೆ ಮೇಡಂ. ಮೇಲಿನವರಿಗೆ ನಾನು ಹೇಳ್ಕೋತೀನಿ. ಸಹಿ ಗಿಹಿ ಏನೂ ಬೇಡ."

ದೇವೇಂದ್ರಪ್ಪ ನಿಟ್ಟುಸಿರು ಬಿಟ್ಟು, ಚೀಲ ಎತ್ತಿಕೊಂಡು ಎದ್ದ. ಅವನ ಮುಖದಲ್ಲೂ ಅಂದು ಏನೋ ಒಂದು ಹೊಸ ಗಾಂಭೀರ್ಯ. "ಇನ್ನು ಹೊರಡೋಣವಾ?" ಎಂದ, ಹೆಂಡತಿಯನ್ನು ಅಪ್ಪಣೆ ಕೇಳುವ ದನಿಯಲ್ಲಿ.

ಸುಶೀಲಮ್ಮ ಈಗ ಕಣ್ಣೊರೆಸಿಕೊಂಡು, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಭದ್ರವಾಗಿ ಕೂತಳು.

"ಇರ್ರಿ, ಏನವಸರ? ಇನ್ನೂ ಅಷ್ಟು ಜನ ಇದಾರೆ. ಒಬ್ಬೊಬ್ಬರು ಎಷ್ಟೆಷ್ಟು ಹಾಕ್ತಾರೋ ಕೇಳ್ಬೇಕು. ನೀನು ಮುಂದಿನ ನಂಬರ್ ಒತ್ತಪ್ಪ."